ಆಲ್‌ಫ್ರಿಸ್ಟನ್ನಿನ ಪಾದ್ರಿಮನೆ

೧

ವಾಸ್ತುಶಿಲ್ಪವನ್ನು ಕುರಿತು ಬರೆಯುವವರು ದೇವಾಲಯ, ಅರಮನೆ, ಕೋಟೆಗಳಿಂದ ಮೊದಲುಮಾಡಿ ಅವುಗಳಲ್ಲಿಯೇ ಮುಗಿಸುವುದು ವಾಡಿಕೆಯಾಗಿದೆ. ದೇವರಿಗಾಗಿ ಕಟ್ಟಿದುದು, ದೊರೆಗಾಗಿ ಕಟ್ಟಿದುದು, ಇವೆರಡೇ ಕಲೆಯ ಎಲ್ಲೆಯೊಳಗೆ ಬರತಕ್ಕವೆಂದೂ, ಉಳಿದ ಜನರು ಉಂಡು, ಮಲಗಿ, ಮಕ್ಕಳುಮರಿಗಳೊಡನೆ ಬಾಳಿ ಸತ್ತ ಮನೆಗಳು ಅದರ ಹೊರಗೆಂದೂ ಬಹುಕಾಲದಿಂದ ಒಂದು ಭಾವನೆ ಬೇರೂರಿದೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಕಲ್ಲಿನ ಗುಡಿ ಸಾವಿರ ವರ್ಷ ನಿಲ್ಲಬಹುದು. ಮರ ಮಣ್ಣುಗಳ ಮನೆ ನಾಲ್ಕು ತಲೆಮಾರು ನಿಂತರೆ ಹೆಚ್ಚು. ಉಳಿದುದನ್ನೇ ಹಿರಿದೆಂದು ಎಣಿಸುವುದು ಮನುಷ್ಯಸ್ವಭಾವ. ಆದರೆ ಎಲ್ಲಿಯೋ ಒಂದೆಡೆ ಒಂದು ಸಣ್ಣ ಮನೆ, ಯಾರ ಪುಣ್ಯದಿಂದಲೋ, ಆರು ಶತಮಾನಗಳ ಗಾಳಿಮಳೆಗಳನ್ನು ದಾಟಿ ಬಂದು ಎದುರಿಗೆ ನಿಂತಾಗ ಈ ಎಣಿಕೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಆಲ್‌ಫ್ರಿಸ್ಟನ್ ಎಂಬ ಹಳ್ಳಿಯಲ್ಲಿರುವ ‘ಕ್ಲರ್ಜಿ ಹೌಸ್’, ಎಂದರೆ ಪಾದ್ರಿಮನೆ, ಅಂಥದೊಂದು.

೧೮೯೬ನೆಯ ಇಸವಿಯಲ್ಲಿ ಈ ಮನೆಯನ್ನು ಕೊಂಡ ಬೆಲೆ ೧೦ ಪೌಂಡು. ಕೊಂಡವರು ಅದರ ಹಿಂದಿನ ವರ್ಷವಷ್ಟೇ ಸ್ಥಾಪಿತವಾಗಿದ್ದ ‘ನ್ಯಾಷನಲ್ ಟ್ರಸ್ಟ್’ ಎಂಬ ಸಂಸ್ಥೆಯವರು. ಇಂದು ೫೦ ಲಕ್ಷಕ್ಕೂ ಮೇಲ್ಪಟ್ಟು ಸದಸ್ಯರನ್ನುಳ್ಳ, ಎಷ್ಟೋ ಮಹಾಸೌಧಗಳ ಒಡೆತನವನ್ನು ಹೊಂದಿರುವ ಆ ಸಂಸ್ಥೆಯ ಕೈಗೆ ಬಂದ ಮೊತ್ತಮೊದಲ ಕಟ್ಟಡ ಇದೇ. ಹೀಗಾಗಿ ಈ ಮನೆಯ ಚರಿತ್ರೆಯನ್ನು ಹೇಳುವವರೆಲ್ಲರೂ ಆ ೧೦ ಪೌಂಡುಗಳಿಂದಲೇ ಆರಂಭಿಸುವರು. ಅದು ಸೊಗಸಾದ ಕಥೆಯೇ ಸರಿ. ಆದರೆ ಕಥೆಯ ಸೊಗಸಿನಲ್ಲಿ ಮನೆಯೇ ಮರೆಯಾಗಬಾರದು. ಈ ಕಟ್ಟಡದ ಗುಣವೆಲ್ಲಿದೆ? ಅದು ನಿಜವಾಗಿ ಪಾದ್ರಿಯ ಮನೆಯೇ? ಅದನ್ನು ಉಳಿಸಿದವರು ಉಳಿಸಿದುದು ಏನನ್ನು? ಈ ಮೂರು ಪ್ರಶ್ನೆಗಳು ವಿಚಾರಾರ್ಹವಾಗಿವೆ. ಮೂರನ್ನೂ ಬಿಡಿಬಿಡಿಯಾಗಿ ಕೇಳಿದರೂ ಉತ್ತರಗಳು ಕೊನೆಗೆ ಒಂದೇ ಕಡೆಗೆ ಬಂದು ಕೂಡುವುವು.

೨

ಇಂಗ್ಲೆಂಡಿನ ತೆಂಕಣ ಕರಾವಳಿಯ ಉದ್ದಕ್ಕೆ ಸೌತ್ ಡೌನ್ಸ್ ಎಂಬ ಗುಡ್ಡಗಳ ಸಾಲು ಹಬ್ಬಿದೆ. ಮೈಯೆಲ್ಲ ಸೀಮೆಸುಣ್ಣದಂಥ ಬಿಳಿಯ ಮೆದುಕಲ್ಲು. ಮೇಲೆ ಗಿಡ್ಡ ಹುಲ್ಲಿನ ಹೊದಿಕೆ. ಬಹುಕಾಲದಿಂದ ಕುರಿಮಂದೆಗಳಿಗೆ ಹೆಸರಾದ ನೆಲ. ಈ ಗುಡ್ಡಗಳನ್ನು ಸೀಳಿಕೊಂಡು ಕಕ್‌ಮಿಯರ್ ಎಂಬ ಚಿಕ್ಕ ಹೊಳೆ ಅಂಕುಡೊಂಕಾಗಿ ಸಮುದ್ರಕ್ಕೆ ಇಳಿಯುತ್ತದೆ. ಆಲ್‌ಫ್ರಿಸ್ಟನ್ ಈ ಹೊಳೆಯ ದಡದ ಹಳ್ಳಿ. ಹಳ್ಳಿಯ ಒಂದು ಬದಿಯಲ್ಲಿ ‘ಟೈ’ ಎಂದು ಕರೆಯುವ ಹಸುರು ಬಯಲು. ಬಯಲಿನ ಅಂಚಿನಲ್ಲಿ ಸಂತ ಆಂಡ್ರೂವಿನ ಹೆಸರಿನ ಇಗರ್ಜಿ. ಹದಿನಾಲ್ಕನೆಯ ಶತಮಾನದಲ್ಲಿ ಚಕಮಕಿ ಕಲ್ಲಿನಿಂದ ಶಿಲುಬೆಯಾಕಾರದಲ್ಲಿ ಕಟ್ಟಿದ, ನಡುವೆ ಗೋಪುರವುಳ್ಳ ಈ ಇಗರ್ಜಿ ಊರಿನ ಅಳತೆಗೆ ಹಿರಿದು. ಅದನ್ನು ಸುತ್ತಣವರು ‘ಡೌನ್ಸ್ ಗುಡ್ಡಗಳ ಮಹಾದೇವಾಲಯ’ವೆಂದು ಅಭಿಮಾನದಿಂದ ಕರೆಯುವರು. ಪಾದ್ರಿಮನೆಯಿರುವುದು ಅದರ ಮಗ್ಗುಲಲ್ಲಿ, ಹೊಳೆಗೆ ಸಮೀಪದಲ್ಲಿ.

ಈ ಎರಡು ಕಟ್ಟಡಗಳನ್ನು ಒಟ್ಟಿಗೆ ನೋಡಿದವರಿಗೆ ಒಂದು ಸಂಗತಿ ಮನದಟ್ಟಾಗುವುದು. ಇಗರ್ಜಿ ಕಲ್ಲಿನದು, ಮನೆ ಮರದ್ದು. ಒಂದು ನೆಟ್ಟಗೆ ಮೇಲಕ್ಕೆ ಏರುವುದು, ಇನ್ನೊಂದು ನೆಲಕ್ಕೆ ಅಪ್ಪಿಕೊಂಡಿರುವುದು. ಆದರೂ ಎರಡರ ಸಾಮಗ್ರಿಯೂ ಹತ್ತಿರದ ನೆಲದಿಂದಲೇ ಬಂದುದು. ಚಕಮಕಿ ಕಲ್ಲು ಈ ಗುಡ್ಡಗಳ ಹೊಟ್ಟೆಯಲ್ಲಿಯೇ ಹುಟ್ಟುವುದು. ಗುಡ್ಡಗಳ ಬಡಗಣಕ್ಕೆ ಹಬ್ಬಿದ್ದ ವೀಲ್ಡ್ ಎಂಬ ಅಡವಿ ಓಕ್ ಮರಗಳ ತವರು. ಗೋಡೆಗೆ ಮೆತ್ತುವ ಮಣ್ಣು ಹೊಳೆಯ ಕಣಿವೆಯಲ್ಲಿ ಸಿಕ್ಕುವುದು. ಹೊದಿಸುವ ಹುಲ್ಲು ಹೊಲದ ಬೆಳೆಯಿಂದ ಬರುವುದು. ಮನೆಯ ನೆಲವಂತೂ ಗುಡ್ಡದ ತುಣುಕೇ. ಬಿಳಿಯ ಮೆದುಕಲ್ಲನ್ನು ಪುಡಿಮಾಡಿ, ಹಾಸಿ, ದಿಮ್ಮಸಿನಿಂದ ಬಡಿದು, ಮೇಲೆ ಹುಳಿತ ಹಾಲನ್ನು ಹೊಯ್ದು ಗಟ್ಟಿಮಾಡುವುದು ಆ ಸೀಮೆಯ ಹಳೆಯ ಪದ್ಧತಿ. ಅಂಥ ನೆಲವನ್ನು ಈ ಮನೆಯಲ್ಲಿ ಇಂದಿಗೂ ಕಾಣಬಹುದು. ದೂರದಿಂದ ತರಿಸಿದ ವಸ್ತುವೊಂದೂ ಇಲ್ಲದೆ, ಕಾಲ್ನಡಿಗೆಯ ದೂರದಲ್ಲಿ ದೊರೆತುದರಿಂದಲೇ ಕಟ್ಟಿದ ಮನೆ ತಾನು ನಿಂತ ನೆಲಕ್ಕೆ ಪರಕೀಯವಾಗಿ ಕಾಣುವ ಸಂಭವವೇ ಇಲ್ಲ. ಹಳೆಯ ಹಳ್ಳಿಮನೆಗಳ ಚೆಲುವನ್ನು ಹೊಗಳುವವರು ಈ ಸರಳವಾದ ಕಾರಣವನ್ನು ಬಿಟ್ಟು ಬೇರೆಲ್ಲಿಯೋ ಗುಟ್ಟನ್ನು ಹುಡುಕುವುದುಂಟು.

೩

ಇನ್ನು ಕಟ್ಟಡದ ರಚನೆ. ಕೆಂಟ್ ಮತ್ತು ಸಸೆಕ್ಸ್ ಸೀಮೆಗಳಲ್ಲಿ ಹದಿನಾಲ್ಕನೆಯ ಶತಮಾನದಿಂದ ಹದಿನಾರನೆಯ ಶತಮಾನದವರೆಗೆ ಪ್ರಚಾರದಲ್ಲಿದ್ದ ಒಂದು ಮನೆಯ ಮಾದರಿಗೆ, ಆ ಅಡವಿಯ ಹೆಸರಿನಿಂದಲೇ, ವೀಲ್ಡನ್ ಮನೆಯೆಂದು ವಿದ್ವಾಂಸರು ಹೆಸರಿಟ್ಟಿದ್ದಾರೆ. ಆಲ್‌ಫ್ರಿಸ್ಟನ್ನಿನ ಮನೆ ಈ ಜಾತಿಗೆ ಸೇರಿದುದು. ಇದರಲ್ಲಿ ಮೂರು ಭಾಗಗಳು. ನಡುವೆ ನಡುಮನೆ, ಅದಕ್ಕೆ ಮಾಳಿಗೆಯಿಲ್ಲ, ನೆಲದಿಂದ ಮಾಡಿನ ಏಣಿನವರೆಗೂ ತೆರವು. ಎರಡು ತುದಿಗಳಲ್ಲಿಯೂ ಕೆಳಗೊಂದು ಮೇಲೊಂದು ಕೋಣೆಗಳು. ಒಂದು ತುದಿಯ ಕೆಳಕೋಣೆಗಳು ಧಾನ್ಯ, ಪಾನೀಯ, ಪಾತ್ರೆಪದಾರ್ಥಗಳ ಉಗ್ರಾಣ. ಇನ್ನೊಂದು ತುದಿಯವು ಮನೆಯೊಡೆಯನ ಸ್ವಂತದ ಕೋಣೆಗಳು. ತುದಿಗಳ ಮೇಲುಕೋಣೆಗಳು ಮುಂಭಾಗದಲ್ಲಿ ಕೆಳಗೋಡೆಯನ್ನು ಮೀರಿ ಹೊರಕ್ಕೆ ಚಾಚಿಕೊಂಡಿರುವುವು. ಮೂರು ಭಾಗಗಳ ಮೇಲೆಯೂ ಒಂದೇ ಮಾಡು.

ಈ ಕೊನೆಯ ಅಂಶದಲ್ಲಿಯೇ ಮಾದರಿಯ ವೈಶಿಷ್ಟ್ಯವೆಲ್ಲ ಅಡಗಿದೆ. ಮಾಡಿನ ಸೂರು ಮುಂದೆ ಚಾಚಿದ ತುದಿಗಳ ಗೆರೆಯನ್ನು ಹಿಡಿದು ನೇರವಾಗಿ ಓಡುವುದು; ನಡುಮನೆಯ ಗೋಡೆಯಾದರೋ ಹಿಂದೆ ಉಳಿಯುವುದು. ಆದುದರಿಂದ ಮನೆಯ ನಡುಭಾಗದಲ್ಲಿ ಸೂರಿನ ಕೆಳಗೆ ಒಂದು ಒಳಸರಿದ ಜಾಗ, ಗಾಢವಾದ ನೆರಳಿನ ಒಂದು ಪಟ್ಟಿ ಉಂಟಾಗುವುದು. ಅಲ್ಲಿ ಆಧಾರವಿಲ್ಲದೆ ಹಾಯುವ ಸೂರುತೊಲೆಯನ್ನು ಹೊರಲು ಎರಡು ಕಡೆಗಳಿಂದಲೂ ಬಾಗಿದ ಊರೆಗಳನ್ನು ಕೊಡುವರು. ನೋಡುವವನ ಕಣ್ಣಿಗೆ ಅವು ಅಲಂಕಾರ. ಬಡಗಿಗೆ ಅವು ಲೆಕ್ಕ. ಹುಟ್ಟಿನಲ್ಲಿಯೇ ಬಾಗಿ ಬೆಳೆದ ಕೊಂಬೆಯನ್ನು ಆರಿಸಿ, ಅದರ ಬಾಗನ್ನೇ ಬಲವಾಗಿ ಮಾಡಿಕೊಳ್ಳುವ ಜಾಣ್ಮೆ ಆ ಕಾಲದ ಬಡಗಿಗಳಿಗೆ ಕರಗತವಾಗಿದ್ದಿತು. ಉಪಯೋಗಕ್ಕಾಗಿ ಮಾಡಿದುದೇ ಸೌಂದರ್ಯವಾಗಿ ಪರಿಣಮಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಗೋಡೆಗಳು ಭಾರವನ್ನು ಹೊರುವುದಿಲ್ಲ; ಹೊರುವುದೆಲ್ಲ ಮರದ ಚೌಕಟ್ಟು. ಒಂದು ಮರದ ತುದಿಯನ್ನು ಇನ್ನೊಂದರಲ್ಲಿ ಕೊರೆದ ತೂತಿನೊಳಗೆ ಕೂರಿಸಿ, ಓಕಿನದೇ ಗೂಟವನ್ನು ಬಡಿದು ಬಿಗಿಯುವರು. ಚೌಕಟ್ಟಿನ ಸಂದುಗಳಲ್ಲಿ ಕಡ್ಡಿಗಳ ತಡಿಕೆಯನ್ನು ಹೆಣೆದು, ಮಣ್ಣು ಮೆತ್ತಿ, ಸುಣ್ಣ ಬಳಿಯುವರು. ಒಳಗೆ ನಡುಮನೆಯ ಅಡ್ಡಕ್ಕೆ ಒಂದು ದಪ್ಪ ತೊಲೆ. ತೊಲೆಯ ನಡುವೆ ನಿಂತ ಒಂದು ಗಿಡ್ಡ ಕಂಬ. ಆ ಕಂಬದ ನೆತ್ತಿಯಿಂದ ಚಾಚಿದ ಊರೆಗಳು ಮಾಡಿನ ಜಂತೆಗಳ ಸಾಲನ್ನು ತಡೆದು ನಿಲ್ಲಿಸುವುವು. ಆಂಗ್ಲ ಬಡಗಿಗಳು ‘ಕ್ರೌನ್ ಪೋಸ್ಟ್’ ಎನ್ನುವ ಈ ಕಂಬವೇ ನಡುಮನೆಯ ನಿಜವಾದ ಶೋಭೆ. ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಮನೆ ಹೇಗೆ ನಿಂತಿದೆಯೆಂಬುದು ಒಂದು ಮುಚ್ಚುಮರೆಯಿಲ್ಲದೆ ಕಾಣುವುದು. ಕಟ್ಟಿದ ಕ್ರಮವನ್ನು ಬಚ್ಚಿಡದಿರುವುದು ಈ ವಾಸ್ತುವಿನ ಮೊದಲನೆಯ ಸದ್ಗುಣ.

ಹಾಗೆಂದು ಈ ಮನೆಯ ಬಾಳನ್ನು ಸುಖದ ಬಾಳೆಂದು ಕಲ್ಪಿಸಿಕೊಳ್ಳಬಾರದು. ಇಂಥ ಮನೆಗಳಿಗೆ ಮೊದಮೊದಲು ಹೊಗೆಗೂಡು ಇರಲಿಲ್ಲ. ನಡುಮನೆಯ ನೆಲದ ಮೇಲೆಯೇ ಬೆಂಕಿ. ಹೊಗೆ ತನಗೆ ತೋರಿದಂತೆ ಮಾಡಿನ ಸಂದುಗಳಿಂದ ಹೊರಬೀಳಬೇಕು. ಕಿಟಕಿಗಳಿಗೆ ಗಾಜಿಲ್ಲ; ಮರದ ಸರಳುಗಳು, ಒಳಗಡೆ ಮುಚ್ಚುವ ಹಲಗೆಗಳು. ಹಲಗೆಯನ್ನು ಮುಚ್ಚಿದರೆ ಕತ್ತಲೆ, ತೆರೆದರೆ ಉತ್ತರದ ಚಳಿ. ಎತ್ತರವಾದ ನಡುಮನೆ ವೈಭವಕ್ಕಾಗಿ ಕಟ್ಟಿದುದಲ್ಲ. ಹೊಗೆ ಮೇಲೇರಲು ಎಡೆಯಿರಬೇಕೆಂದು ಕಟ್ಟಿದುದು. ಹದಿನಾರನೆಯ ಶತಮಾನದಲ್ಲಿ ಇಟ್ಟಿಗೆಯ ಹೊಗೆಗೂಡು ಸಾಮಾನ್ಯರ ಮನೆಗಳಿಗೂ ಬಂದಮೇಲೆ ಆ ಎತ್ತರ ನಿರರ್ಥಕವಾಯಿತು. ಜನರು ನಡುಮನೆಗೆ ಅಡ್ಡಲಾಗಿ ಮಾಳಿಗೆ ಹಾಕಿ ಕೋಣೆಗಳನ್ನು ಮಾಡಿಕೊಂಡರು. ಇಂದಿನ ಯಾತ್ರಿಕನು ಕಂಡು ಬೆರಗಾಗುವ ಆ ತೆರವು ಅಂದಿನವರ ಪಾಲಿಗೆ ಬಿಟ್ಟು ಪಾರಾಗಬೇಕಾದ ಒಂದು ಅನಾನುಕೂಲ. ವಿಮರ್ಶಕನು ಈ ಎರಡು ದೃಷ್ಟಿಗಳನ್ನೂ ಒಟ್ಟಿಗೆ ಇರಿಸಿಕೊಂಡಿರಬೇಕು. ಮುಪ್ಪಿನಿಂದ ಬಂದ ಮೋಹಕತೆ ಬೇರೆ, ಬಡಗಿಯ ಕೈಯಿಂದ ಬಂದ ಗುಣ ಬೇರೆ. ಈ ಮನೆಯಲ್ಲಿ ಎರಡೂ ಉಂಟು; ಆದರೆ ಎರಡನೆಯದು ಮಾತ್ರವೇ ಪ್ರಶಂಸೆಗೆ ಪಾತ್ರವಾದುದು.

೪

ಈ ರಚನೆಯಲ್ಲಿ ಪಾದ್ರಿಗೆ ವಿಶೇಷವಾದುದು ಯಾವುದು? ಹುಡುಕಿದರೂ ಒಂದೂ ಸಿಕ್ಕುವುದಿಲ್ಲ. ನಡುಮನೆ, ಒಡೆಯನ ಕೋಣೆ, ಉಗ್ರಾಣ, ಇವು ಯಾವ ಅನುಕೂಲಸ್ಥನಾದ ರೈತನ ಮನೆಯಲ್ಲಿಯೂ ಇರತಕ್ಕವು. ಇಂದು ಪಂಡಿತರ ಅಭಿಪ್ರಾಯವೂ ಅದೇ ಕಡೆಗೆ ವಾಲಿದೆ. ೧೩೪೮–೪೯ರ ಮಹಾಮಾರಿಯಲ್ಲಿ ಇಂಗ್ಲೆಂಡಿನ ಜನಸಂಖ್ಯೆಯ ದೊಡ್ಡ ಪಾಲು ಅಳಿಯಿತು. ಬದುಕಿ ಉಳಿದವರಿಗೆ ಭೂಮಿ ಸುಲಭವಾಯಿತು, ದುಡಿಮೆಗೆ ಬೆಲೆ ಬಂದಿತು. ಹೀಗೆ ತಲೆಯೆತ್ತಿದ ರೈತವರ್ಗವೇ ವೀಲ್ಡನ್ ಮನೆಗಳ ನಿರ್ಮಾಪಕರು. ಆಲ್‌ಫ್ರಿಸ್ಟನ್ನಿನ ಮನೆಯೂ ಮೊದಲು ಅಂಥ ಒಬ್ಬ ರೈತನಿಗಾಗಿ ಎದ್ದಿದ್ದು, ಬಳಿಕ ಇಗರ್ಜಿಗೆ ಸೇರಿತೆಂದು ತೋರುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಆ ಊರಿನ ಇಗರ್ಜಿಯ ಉತ್ಪತ್ತಿ ಸಮೀಪದ ಮಿಷೆಲ್‌ಹ್ಯಾಮಿನ ಅಗಸ್ಟೀನಿಯನ್ ಮಠಕ್ಕೆ ವಶವಾಯಿತು. ಮಠದವರು ಊರಿಗೆ ಒಬ್ಬ ವಿಕಾರನನ್ನು, ಎಂದರೆ ತಮ್ಮ ಪರವಾಗಿ ಪೂಜೆ ನಡೆಸುವ ಪಾದ್ರಿಯನ್ನು, ಇಟ್ಟರು. ಅವನಿಗೆ ವಾಸಕ್ಕೆ ಒಂದು ಮನೆ ಬೇಕು. ಹೆಸರಿನ ಹಿಂದಿರುವ ಸತ್ಯ ಇಷ್ಟು.

ಈ ಮಾತನ್ನು ಇನ್ನೆರಡು ಮನೆಗಳೊಡನೆ ಒರೆಹಚ್ಚಿ ನೋಡಬಹುದು. ಸಾಮರ್ಸೆಟ್ ಸೀಮೆಯ ಮಚೆಲ್ನಿಯಲ್ಲಿ ೧೩೦೮ರಲ್ಲಿ ಅಲ್ಲಿನ ಬೆನೆಡಿಕ್ಟೀನ್ ಮಠದವರು ಊರ ಪಾದ್ರಿಗಾಗಿಯೇ ಕಟ್ಟಿಸಿದ ಮನೆ ಇಂದಿಗೂ ಇದೆ. ಅದು ಕಲ್ಲಿನ ಗೋಡೆಯದು, ಹುಲ್ಲಿನ ಮಾಡಿನದು. ಪಾದ್ರಿಯ ಮನೆಯೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಅದರ ಯೋಜನೆಯೂ ನಡುಮನೆ, ಎರಡು ತುದಿಗಳು, ಅಷ್ಟೇ. ಕೆಂಟ್ ಸೀಮೆಯ ಚಿಡಿಂಗ್‌ಸ್ಟನ್ ಬಳಿಯಿದ್ದ ಬೇಲೀಫ್ ಎಂಬ ಮನೆ ಹದಿನೈದನೆಯ ಶತಮಾನದ ಆದಿಭಾಗದ ರೈತನ ಮನೆ, ಅದರಲ್ಲಿಯೂ ಸಂದೇಹವಿಲ್ಲ. ಅದೂ ವೀಲ್ಡನ್ ಮನೆಯೇ, ಆಲ್‌ಫ್ರಿಸ್ಟನ್ನಿನದಕ್ಕೆ ಒಡಹುಟ್ಟಿದಂತಿದೆ. ಪಾದ್ರಿಯ ಮನೆಯನ್ನೂ ರೈತನ ಮನೆಯನ್ನೂ ಒಂದೇ ಅಚ್ಚಿನಲ್ಲಿ ತೆಗೆದಂತಿರುವಾಗ, ಕಟ್ಟಡವನ್ನು ನೋಡಿ ಒಡೆಯನ ವೃತ್ತಿಯನ್ನು ಹೇಳುವುದು ಅಸಾಧ್ಯ.

ಇದು ಕೇವಲ ಕಟ್ಟಡದ ಸಂಗತಿಯಲ್ಲ, ಬಾಳಿನ ಸಂಗತಿ. ಆ ಕಾಲದ ಹಳ್ಳಿಯ ಪಾದ್ರಿ ಅರ್ಧ ರೈತನೇ ಆಗಿದ್ದನು. ಇಗರ್ಜಿಗೆ ಬಿಟ್ಟ ಹೊಲವನ್ನು ಉಳುವುದು, ಬೆಳೆಯಲ್ಲಿ ಹತ್ತರಲ್ಲೊಂದು ಪಾಲಾಗಿ ಬರುವ ಕಾಳನ್ನು ಕೂಡಿಡುವುದು, ದನಕರುಗಳನ್ನು ನೋಡುವುದು, ಇವೆಲ್ಲ ಅವನ ಕೆಲಸ. ಅವನಿಗೆ ಮದುವೆಯ ಅಧಿಕಾರವಿರಲಿಲ್ಲವೆಂಬುದೊಂದೇ ನೆರೆಯವನಿಗೂ ಅವನಿಗೂ ಇದ್ದ ಗೃಹಕೃತ್ಯದ ಭೇದ. ದೇವಾಲಯದೊಳಗೆ ಅವನು ಬೇರೆ; ಹೊಸಿಲು ದಾಟಿ ಮನೆಗೆ ಬಂದರೆ ಊರವರಲ್ಲಿ ಒಬ್ಬ. ಮನೆಯ ರೂಪ ಈ ಸ್ಥಿತಿಗೆ ಸಾಕ್ಷಿಯಾಗಿ ನಿಂತಿದೆ. ಹೀಗಿರಲು, ಪಾದ್ರಿಮನೆಯೆಂಬ ಹೆಸರು ಸುಳ್ಳೆಂದು ತಳ್ಳಿಹಾಕುವುದಕ್ಕಿಂತ, ಪಾದ್ರಿ ರೈತನ ಮನೆಯಲ್ಲಿ ರೈತನಂತೆ ಬಾಳಿದನೆಂಬ ದೊಡ್ಡ ಸತ್ಯಕ್ಕೆ ಅದನ್ನು ಗುರುತಾಗಿ ಇಟ್ಟುಕೊಳ್ಳುವುದೇ ಯುಕ್ತ.

೫

ಈ ಸಾಮ್ಯ ಮುಂದೆ ಉಳಿಯಲಿಲ್ಲ. ಮಠಗಳು ಹದಿನಾರನೆಯ ಶತಮಾನದ ಮಧ್ಯದೊಳಗೆ ಮುಚ್ಚಿಹೋದುವು. ೧೫೪೯ರಲ್ಲಿ ಪಾದ್ರಿಗಳ ವಿವಾಹಕ್ಕೆ ಕಾನೂನಿನ ಸಮ್ಮತಿ ದೊರೆಯಿತು. ನಡುವೆ ಕೆಲಕಾಲ ಹಿಂದುಮುಂದಾದರೂ ಕೊನೆಗೆ ಅದೇ ನಿಂತಿತು. ಹೆಂಡತಿ ಮಕ್ಕಳು ಬಂದಮೇಲೆ ಕೋಣೆಗಳು ಹೆಚ್ಚಬೇಕು. ಹದಿನೆಂಟನೆಯ ಶತಮಾನದ ಹೊತ್ತಿಗೆ ಪಾದ್ರಿ ಊರಿನ ಸಂಭಾವಿತರಲ್ಲಿ ಒಬ್ಬನಾದನು. ಮನೆಗಾಗಿ ಸಾಲ ತೆಗೆಯಲು ಅವನಿಗೆ ಅನುಕೂಲ ಕಲ್ಪಿಸುವ ಒಂದು ಕಾನೂನು ೧೭೭೬ರಲ್ಲಿ ಬಂದಿತು. ಆಗ ಎದ್ದ ಮನೆಗಳು ಕಲ್ಲು ಇಟ್ಟಿಗೆಗಳವು. ನಡುವೆ ಬಾಗಿಲು, ಅತ್ತ ಇತ್ತ ಸಮನಾದ ಕಿಟಕಿಗಳು. ಎಲ್ಲವೂ ಅಳತೆಯಲ್ಲಿ, ಮರ್ಯಾದೆಯಲ್ಲಿ. ಬ್ರಾಂಟೆ ಸೋದರಿಯರು ಬೆಳೆದ, ಬರೆದ, ಹಾವರ್ತಿನ ಪಾದ್ರಿಮನೆ ಅಂಥದು. ಅದು ಮುಗಿದುದು ೧೭೭೯ರಲ್ಲಿ. ಜೇನ್ ಆಸ್ಟೆನ್ ೧೭೭೫ರಲ್ಲಿ ಹುಟ್ಟಿದುದೂ ಒಂದು ಪಾದ್ರಿಮನೆಯಲ್ಲಿಯೇ. ಸ್ಟೀವೆಂಟನ್ನಿನ ಆ ಮನೆಯನ್ನು ೧೮೨೦ರ ದಶಕದಲ್ಲಿ ಕೆಡವಿಹಾಕಿದರು. ಆಂಗ್ಲ ಸಾಹಿತ್ಯದ ಎಷ್ಟು ಪಾಲು ಹಳ್ಳಿಯ ಪಾದ್ರಿಗಳ ಮನೆಗಳಲ್ಲಿ ಹುಟ್ಟಿತೆಂಬುದನ್ನು ನೆನೆದರೆ ಆಶ್ಚರ್ಯವಾಗುವುದು. ಓದಿಗೆ ಬೇಕಾದ ಪುಸ್ತಕ, ಬಿಡುವು, ಏಕಾಂತ, ಮಿತವಾದ ವರಮಾನ, ಇವು ನಾಲ್ಕೂ ಅಲ್ಲಿ ಒಂದೇ ಮಾಡಿನ ಕೆಳಗೆ ಕೂಡಿದ್ದುವು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮನೆಗಳಿಗೆ ಇನ್ನೊಂದು ತಿರುವು ಬಂದಿತು. ವಿಲಿಯಂ ಬಟರ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ೧೮೪೪–೪೫ರಲ್ಲಿ ಗ್ಲಾಸ್ಟರ್ ಸೀಮೆಯ ಕೋಲ್‌ಪಿಟ್ ಹೀತ್ ಎಂಬಲ್ಲಿ ಕಟ್ಟಿದ ಪಾದ್ರಿಮನೆಯಲ್ಲಿ ಎರಡು ಬದಿಯ ಕೃತಕ ಸಮತೆಯನ್ನು ಬಿಟ್ಟನು. ಒಳಗಣ ಕೋಣೆಗೆ ಎಲ್ಲಿ ಬೇಕೋ ಅಲ್ಲಿ ಕಿಟಕಿ, ಎಲ್ಲಿ ಒಲೆಯೋ ಅಲ್ಲಿ ಹೊಗೆಗೂಡು. ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಅದೇ ದಾರಿಯಲ್ಲಿ ಹಲವು ಪಾದ್ರಿಮನೆಗಳನ್ನು ಕಟ್ಟಿದನು. ೧೮೫೬ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಸ್ಟ್ರೀಟನ ಕಚೇರಿಗೆ ವಿಲಿಯಂ ಮಾರಿಸ್ ಎಂಬ ತರುಣನು ಕೆಲಸ ಕಲಿಯಲು ಸೇರಿದನು. ಅಲ್ಲಿ ಮೊದಲೇ ಇದ್ದ ಫಿಲಿಪ್ ವೆಬ್ ಅವನಿಗೆ ಜೀವದ ಗೆಳೆಯನಾದನು. ಮೂರು ವರ್ಷಗಳ ಮೇಲೆ ವೆಬ್ ತನ್ನ ಗೆಳೆಯನಿಗಾಗಿ ‘ರೆಡ್ ಹೌಸ್’ ಎಂಬ ಮನೆಯ ನಕ್ಷೆ ಬರೆದನು. ಗೃಹವಾಸ್ತುವಿನ ಚರಿತ್ರೆಯಲ್ಲಿ ಪ್ರಸಿದ್ಧವಾದ ಆ ಮನೆ ಬಟರ್‌ಫೀಲ್ಡ್, ಸ್ಟ್ರೀಟರ ಹಳ್ಳಿಯ ಪಾದ್ರಿಮನೆಗಳ ನೇರವಾದ ಸಂತಾನ.

ಈ ಗೆಳೆಯರಿಬ್ಬರೂ ಸೇರಿ ೧೮೭೭ರಲ್ಲಿ ಪ್ರಾಚೀನ ಕಟ್ಟಡಗಳ ಸಂರಕ್ಷಣಾ ಸಂಘವನ್ನು ಸ್ಥಾಪಿಸಿದರು. ಅದಕ್ಕೆ ಪ್ರೇರಣೆ ಕೋಪ. ಜೀರ್ಣೋದ್ಧಾರದ ಹೆಸರಿನಲ್ಲಿ ಆಗ ಇಂಗ್ಲೆಂಡಿನ ಹಳೆಯ ಇಗರ್ಜಿಗಳನ್ನು ಕೆರೆದು, ಕಿತ್ತು, ಯಾವುದೋ ಒಂದು ಶತಮಾನದ ಶೈಲಿಗೆ ಹೊಂದುವಂತೆ ಹೊಸದು ಮಾಡುತ್ತಿದ್ದರು. ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಪುಣ್ಯವೇ ಸರಿ. ಆದರೆ ಉದ್ಧಾರದ ಭರದಲ್ಲಿ ಜೀರ್ಣವಾದುದೇ ಮಾಯವಾದರೆ ಉದ್ಧಾರವಾದುದು ಯಾವುದು? ಮಾರಿಸನ ಪಕ್ಷದವರು ಕೇಳಿದ ಪ್ರಶ್ನೆ ಇದು. ಸೋರುವ ಮಾಡನ್ನು ಮುಚ್ಚಿರಿ, ಬೀಳುವ ಗೋಡೆಗೆ ಊರೆ ಕೊಡಿರಿ, ದಿನದಿನದ ಆರೈಕೆಯಿಂದ ನಾಶವನ್ನು ದೂರವಿಡಿರಿ. ಹೊಸದಾಗಿ ಸೇರಿಸಿದುದು ಹೊಸದೆಂದೇ ಕಾಣಲಿ. ಕಾಲವು ಒಂದರ ಮೇಲೊಂದು ಬರೆದ ಬರೆಹವನ್ನು ಅಳಿಸಬೇಡಿರಿ. ಅವರ ನಿಲುವಿನ ಸಾರಾಂಶ ಇಷ್ಟು.

ಈ ನಿಲುವಿಗೆ ಒಂದು ಪರೀಕ್ಷೆ ಆಲ್‌ಫ್ರಿಸ್ಟನ್ನಿನಲ್ಲಿ ಒದಗಿತು. ಪಾದ್ರಿಗಳು ಬಿಟ್ಟುಹೋದ ಆ ಮನೆ ಬಹುಕಾಲ ಕೂಲಿಕಾರರ ಕುಟುಂಬಗಳಿಗೆ ಬಾಡಿಗೆಯಾಗಿದ್ದು, ಕೊನೆಗೆ ಕೆಡವುವುದಕ್ಕೆ ತಕ್ಕಷ್ಟು ಶಿಥಿಲವಾಗಿದ್ದಿತು. ಆ ಊರಿನ ವಿಕಾರನಾಗಿದ್ದ ಎಫ್. ಡಬ್ಲ್ಯು. ಬೇನನ್ ಅದನ್ನು ಉಳಿಸಲೆಳಸಿ ಮೊದಲು ಸಂರಕ್ಷಣಾ ಸಂಘದ, ಬಳಿಕ ನ್ಯಾಷನಲ್ ಟ್ರಸ್ಟಿನ ಬಾಗಿಲನ್ನು ತಟ್ಟಿದನು. ಟ್ರಸ್ಟಿನ ಸ್ಥಾಪಕರು ಮೂವರು: ಲಂಡನ್ನಿನ ಬಡವರ ವಸತಿಗಾಗಿ ದುಡಿದ ಆಕ್ಟೇವಿಯಾ ಹಿಲ್, ನ್ಯಾಯವಾದಿ ರಾಬರ್ಟ್ ಹಂಟರ್, ಸ್ವತಃ ಹಳ್ಳಿಯ ಪಾದ್ರಿಯಾಗಿದ್ದ ಹಾರ್ಡ್‌ವಿಕ್ ರಾನ್‌ಸ್ಲಿ. ಆವರೆಗೆ ಅವರ ಕೈಯಲ್ಲಿದ್ದುದು ವೇಲ್ಸ್ ದೇಶದಲ್ಲಿ ದಾನವಾಗಿ ಬಂದ ತುಂಡು ಬೆಟ್ಟನೆಲ. ೧೦ ಪೌಂಡಿಗೆ ಮನೆ ಬಂದಿತೇನೋ ನಿಜ. ದುರಸ್ತಿಗೆ ಬೇಕಾದುದು ನೂರಾರು ಪೌಂಡುಗಳು. ಆ ಹಣಕ್ಕಾಗಿ ಹಿಲ್ ಅವರು ಸಾರ್ವಜನಿಕರ ಮುಂದೆ ಸೆರಗೊಡ್ಡಿದರು. ದುರಸ್ತಿಯನ್ನು ಸಂರಕ್ಷಣಾ ಸಂಘದ ಸೂತ್ರಗಳಿಗೆ ಅನುಸಾರವಾಗಿ ಆಲ್‌ಫ್ರೆಡ್ ಪೊವೆಲ್ ಎಂಬ ವಾಸ್ತುಶಿಲ್ಪಿ ನಡೆಸಿದನು. ಮಾರಿಸ್ ತೀರಿಕೊಂಡುದು ಮನೆಯನ್ನು ಕೊಂಡ ಆ ೧೮೯೬ರಲ್ಲಿಯೇ. ಪಾದ್ರಿಮನೆಗಳನ್ನು ಕಟ್ಟುವ ಕಚೇರಿಯಲ್ಲಿ ಕಲಿತವನ ವಿಚಾರಗಳು ಕೊನೆಗೆ ಒಂದು ಹಳೆಯ ಪಾದ್ರಿಮನೆಯನ್ನು ಕಾಯ್ದುವು.

೬

ಇನ್ನು ಫಲಿತಾಂಶದ ವಿಮರ್ಶೆ. ಮೆಚ್ಚತಕ್ಕುದು ಬಹಳವಿದೆ. ಮನೆಯ ಒಂದು ತುದಿ ಮುಂದಿನ ಕಾಲದಲ್ಲಿ ಮತ್ತೆ ಕಟ್ಟಲ್ಪಟ್ಟುದು. ಅದು ಮೊದಲಿನದಕ್ಕೆ ಸರಿಸಮವಾಗಿಲ್ಲ. ಜೀರ್ಣೋದ್ಧಾರಕರ ಕೈಗೆ ಸಿಕ್ಕಿದ್ದರೆ ಅದನ್ನು ಕಿತ್ತು, ಇನ್ನೊಂದು ತುದಿಯ ಪ್ರತಿಬಿಂಬದಂತೆ ಹದಿನಾಲ್ಕನೆಯ ಶತಮಾನದ ಹೊಸ ತುದಿಯೊಂದನ್ನು ಕಟ್ಟಿಬಿಡುತ್ತಿದ್ದರು. ಹಾಗೆ ಮಾಡಲಿಲ್ಲ. ಹೊಗೆಗೂಡನ್ನೂ ಉಳಿಸಿದರು. ಮನೆ ಪೂರ್ಣವಾದ ಮಾದರಿಯಾಗಿ ಕಾಣದೆ, ಬಾಳಿ ಬಳಲಿದ ಒಂದು ಜೀವದಂತೆ ಕಾಣುವುದಕ್ಕೆ ಇದೇ ಕಾರಣ. ಅಂದವನ್ನು ಹೆಚ್ಚಿಸುವ ಆಸೆಯನ್ನು ತಡೆದುಕೊಂಡುದೇ ಆ ದುರಸ್ತಿಯ ಹೆಚ್ಚಳ.

ಕೊರತೆಯನ್ನೂ ಹೇಳಬೇಕು. ಕಾಲದ ಬರೆಹವನ್ನು ಅಳಿಸಕೂಡದೆಂಬುದು ಸೂತ್ರವಾಗಿದ್ದರೂ, ಕೂಲಿಕಾರರ ಸಂಸಾರಗಳು ಅಲ್ಲಿ ಬರೆದ ಪುಟ ಇಂದು ಓದಲು ಸಿಕ್ಕುವುದಿಲ್ಲ. ಬಂದವರು ನಿಂತು ನೋಡುವುದು ಮಧ್ಯಯುಗದ ತೆರವಾದ ನಡುಮನೆಯನ್ನು. ರೈತನು ಕಟ್ಟಿದನು, ಪಾದ್ರಿ ವಾಸಿಸಿದನು, ಕೂಲಿಯವನು ಕೊನೆಯವರೆಗೂ ಅದರ ಸೋರುವ ಮಾಡಿನ ಕೆಳಗೆ ಬಾಳಿ, ಬಾಳಿದುದರಿಂದಲೇ ಅದನ್ನು ನೆಲಸಮವಾಗದಂತೆ ಉಳಿಸಿದನು. ಮೂವರಲ್ಲಿ ಹೆಸರು ದಕ್ಕಿದುದು ನಡುವಿನವನಿಗೆ ಮಾತ್ರ. ಇದಕ್ಕೆ ಟ್ರಸ್ಟಿನವರನ್ನು ದೂರುವುದು ನ್ಯಾಯವಲ್ಲ. ಹೆಸರು ಅವರಿಗಿಂತ ಹಳೆಯದು. ಇಗರ್ಜಿಯ ಮಗ್ಗುಲಲ್ಲಿ ನಿಂತು ಪಾದ್ರಿಯ ಹೆಸರನ್ನು ಹೊತ್ತಿದ್ದುದರಿಂದಲೇ ಒಬ್ಬ ವಿಕಾರನು ಅದಕ್ಕಾಗಿ ಓಡಾಡಿದನೆಂಬುದನ್ನೂ ಮರೆಯಲಾಗದು. ಹೆಸರು ಸತ್ಯವನ್ನು ಅರ್ಧ ಮುಚ್ಚಿತು. ಮನೆಯನ್ನು ಪೂರ್ತಿ ಉಳಿಸಿತು. ಇಂಥ ಹೆಸರುಗಳಿಗೆ ಆ ದೇಶದಲ್ಲಿ ಅಭಾವವಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಇಗರ್ಜಿಯವರು ತಮ್ಮ ದೊಡ್ಡ ದೊಡ್ಡ ಪಾದ್ರಿಮನೆಗಳನ್ನು ಸಾಕಲಾರದೆ ಮಾರಿಬಿಟ್ಟರು. ಪಾದ್ರಿಯ ಸುಳಿವೇ ಇಲ್ಲದ ಎಷ್ಟೋ ಮನೆಗಳ ಬಾಗಿಲಲ್ಲಿ ಇಂದಿಗೂ ‘ಹಳೆಯ ಪಾದ್ರಿಮನೆ’ ಎಂಬ ಫಲಕವಿದೆ.

ಹಳೆಯ ಮನೆಯನ್ನು ಉಳಿಸುವ ಬಗೆಗಳು ಹಲವು. ಮೇಲೆ ಹೇಳಿದ ಮೂರು ಮನೆಗಳ ಗತಿಯನ್ನು ಹೋಲಿಸಿದರೆ ಅದು ಸ್ಪಷ್ಟವಾಗುವುದು. ಬೇಲೀಫಿನ ನೆಲ ಒಂದು ಜಲಾಶಯದ ಯೋಜನೆಗೆ ಸೇರಿತು. ೧೯೬೦ರ ದಶಕದ ಕೊನೆಯಲ್ಲಿ ಮನೆಯ ಗೂಟಗಳನ್ನು ಕಳಚಿ, ತೊಲೆತೊಲೆಯಾಗಿ ಬಿಚ್ಚ, ಸಸೆಕ್ಸಿನ ಸಿಂಗಲ್‌ಟನ್ ಎಂಬಲ್ಲಿಯ ಬಯಲು ಸಂಗ್ರಹಾಲಯಕ್ಕೆ ಸಾಗಿಸಿ ಮತ್ತೆ ಎತ್ತಿ ನಿಲ್ಲಿಸಿದರು. ಅಲ್ಲಿ ಅದರ ನಡುಮನೆಯಲ್ಲಿ ಬೆಂಕಿ ಉರಿಯುವುದು, ಹಳೆಯ ಮಾದರಿಯ ಮಂಚ ಮೇಜುಗಳೂ ಇವೆ. ಇಲ್ಲದಿರುವುದು ಹುಟ್ಟಿದ ನೆಲ. ಮಚೆಲ್ನಿಯ ಮನೆಯನ್ನು ಟ್ರಸ್ಟಿನವರು ೧೯೧೧ರಲ್ಲಿ ಕೊಂಡರು. ಅದರ ನಡುಮನೆಗೆ ಹದಿನಾರನೆಯ ಶತಮಾನದಲ್ಲಿಯೇ ಮಾಳಿಗೆ ಬಿದ್ದಿದ್ದಿತು, ಅದನ್ನು ಹಾಗೆಯೇ ಬಿಟ್ಟರು. ಅಲ್ಲಿ ಬಾಡಿಗೆಗೆ ಜನರಿದ್ದು ಮನೆ ಮನೆಯಾಗಿಯೇ ಮುಂದುವರಿಯಿತು. ನೋಡಬಂದವರಿಗೆ ಮಾತ್ರ ಮಧ್ಯಯುಗದ ಎತ್ತರ ಕಾಣದು. ಆಲ್‌ಫ್ರಿಸ್ಟನ್ನಿನಲ್ಲಿ ನೆಲವೂ ಉಳಿಯಿತು, ಎತ್ತರವೂ ಕಾಣುವುದು. ಇಲ್ಲದಿರುವುದು ಒಲೆಯ ಹೊಗೆ. ಮೂರರಲ್ಲಿ ಯಾವುದೂ ಪೂರ್ಣವಲ್ಲ. ನೆಲ, ರೂಪ, ಬಾಳು, ಈ ಮೂರರಲ್ಲಿ ಒಂದನ್ನು ಬಿಡದೆ ಉಳಿದೆರಡನ್ನು ಹಿಡಿಯಲಾಗುವುದಿಲ್ಲವೋ ಏನೋ! ಆದರೂ ಮೂರರಲ್ಲಿ ಒಂದನ್ನು ಆರಿಸಬೇಕಾದರೆ ಆಲ್‌ಫ್ರಿಸ್ಟನ್ನಿನ ಪಕ್ಷವೇ ಬಲವಾದುದೆಂದು ಹೇಳಬೇಕು. ಬೆಂಕಿಯನ್ನು ಎಂದಾದರೂ ಮತ್ತೆ ಹೊತ್ತಿಸಬಹುದು. ಗುಡ್ಡದ ಸುಣ್ಣವೇ ನೆಲವಾಗಿ, ಅಡವಿಯ ಓಕೇ ಮಾಡಾಗಿ, ಇಗರ್ಜಿಯ ನೆರಳಿನಲ್ಲಿ ನಿಂತ ಸ್ಥಾನವನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ತರಲಾಗದು.

ಆ ನಡುಮನೆಯ ಒಂದು ಮೂಲೆಯಲ್ಲಿ ಮರದಲ್ಲಿ ಕೆತ್ತಿದ ಓಕ್ ಎಲೆಯೊಂದಿದೆ. ನ್ಯಾಷನಲ್ ಟ್ರಸ್ಟಿನ ಲಾಂಛನವೂ ಓಕ್ ಎಲೆಯೇ. ಅದನ್ನು ೧೯೩೦ರ ದಶಕದಲ್ಲಿ ಜೋಸೆಫ್ ಆರ್ಮಿಟೇಜ್ ಎಂಬ ಶಿಲ್ಪಿ ರಚಿಸಿದನು. ಇದು ಅದರಿಂದಲೇ ಬಂದಿತೆಂದು ಹೇಳುವವರುಂಟು. ಆಧಾರವಿಲ್ಲದ ಮಾತನ್ನು ನಂಬಬೇಕಾದ ಅಗತ್ಯವಿಲ್ಲ. ಎಲೆಯನ್ನು ಕೆತ್ತಿದ ಬಡಗಿಯ ಹೆಸರು ಯಾರಿಗೂ ತಿಳಿಯದು. ಅವನಿಗೆ ಕೆಲಸ ಹೇಳಿದ ರೈತನ ಹೆಸರೂ ಲೋಕಕ್ಕೆ ಪರಿಚಿತವಲ್ಲ. ತಾನು ಕೊರೆದ ತೊಲೆ ಯಾವ ಮರದಿಂದ ಬಂದಿತೋ ಆ ಮರದ ಎಲೆಯನ್ನು ಅದರ ಮೇಲೆಯೇ ಬಿಡಿಸಿಟ್ಟು ಅವನು ಹೊರಟುಹೋದನು. ದೊರೆಯ ಅರಮನೆಗೂ ದೇವರ ಗುಡಿಗೂ ಮೀಸಲಾದುದೆಂದು ತಿಳಿದಿದ್ದ ಗೌರವವನ್ನು ಒಂದು ಹುಲ್ಲುಮನೆಗೆ ಸಲ್ಲಿಸಲು ಜನರು ಕಲಿತುದು ಈ ತೊಲೆಗಳ ಕೆಳಗೆ ನಿಂತು. ಆ ಕಲಿಕೆಯನ್ನು ಲೆಕ್ಕಕ್ಕೆ ಹಿಡಿದರೆ ೧೦ ಪೌಂಡು ಸಣ್ಣ ಬೆಲೆಯೇ ಸರಿ.